ಬೀಜದ ಬೆಣ್ಣೆಯೂ ಕೊಡಗಿನ ಮಳೆಗಾಲವೂ

ಕಕ್ಕಡ ತಿಂಗಳಿನ ಒಂದು ಬೆಳಗ್ಗೆ ಕೊಡಗಿನ ಯಾವುದಾದರೊಂದು ಮನೆಯ ಅಡುಗೆಕೋಣೆಯನ್ನು ನೆನಪಿಗೆ ತಂದುಕೊಳ್ಳಿ. ಹೊರಗೆ ಎಡೆಬಿಡದ ಮಳೆ. ಒಳಗೆ ಒಲೆಯ ಮೇಲೆ ಅಕ್ಕಿ ಒಟ್ಟಿ ಉಬ್ಬುತ್ತಿದೆ. ಪಕ್ಕದಲ್ಲಿ ಎಳ್ಳು ಹುರಿದ ಪರಿಮಳ. ಹುರಿದ ಎಳ್ಳಿಗೆ ಉಪ್ಪು, ಹುಳಿ, ಮೆಣಸಿನಕಾಯಿ ಕೂಡಿಸಿ ಅರೆದರೆ ಎಳ್ಳು ಪಜ್ಜಿ ಸಿದ್ಧ. ಬಿಸಿ ಒಟ್ಟಿಯ ಜೊತೆಗೆ ಇದನ್ನು ತಿಂದು ಬೆಳೆದವರಿಗೆ ಬೀಜವನ್ನು ಅರೆದು ತಿನ್ನುವುದು ಹೊಸ ಮಾತೇನೂ ಅಲ್ಲ. ಆದರೂ ಈಚೆಗೆ ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಅಂಗಡಿಗಳಲ್ಲಿ ‘ಪೀನಟ್ ಬಟರ್’, ‘ಆಲ್ಮಂಡ್ ಬಟರ್’ ಎಂಬ ಹೆಸರಿನ ಡಬ್ಬಗಳು ಕಾಣಿಸಿಕೊಂಡಾಗ ಅನೇಕರು ಕೇಳುತ್ತಾರೆ: ಇದೇನು ಪದಾರ್ಥ? ಇದರಿಂದ ಮೈಗೆ ಒಳ್ಳೆಯದೆ? ಹುರಿಯದೆ ಹಸಿಯಾಗಿ ಅರೆದದ್ದು, ಸಾವಯವ ಎಂದು ಬರೆದದ್ದು ಇನ್ನೂ ಮೇಲೆ? ಈ ಪ್ರಶ್ನೆಗಳಿಗೆ ಕೊಡಗಿನ ಹವೆಯನ್ನು ಮುಂದಿಟ್ಟುಕೊಂಡೇ ಉತ್ತರ ಹುಡುಕಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಮೊದಲು ಹೆಸರಿನ ವಿಚಾರ. ಇದರಲ್ಲಿ ಹಾಲೂ ಇಲ್ಲ, ಮಜ್ಜಿಗೆ ಕಡೆದ ಬೆಣ್ಣೆಯೂ ಇಲ್ಲ. ನೆಲಗಡಲೆ, ಎಳ್ಳು, ಗೋಡಂಬಿ, ಬಾದಾಮಿ ಮೊದಲಾದ ಬೀಜಗಳಲ್ಲಿ ಸರಿಸುಮಾರು ಅರ್ಧದಷ್ಟು ಎಣ್ಣೆಯೇ ತುಂಬಿದೆ. ನೀರು ಹಾಕದೆ ಅರೆಯುತ್ತ ಹೋದರೆ ಮೊದಲು ಅದು ಪುಡಿಯಾಗುತ್ತದೆ, ಆಮೇಲೆ ಮುದ್ದೆಗಟ್ಟುತ್ತದೆ, ಇನ್ನೂ ಅರೆದರೆ ಬೀಜದ ಕಣಗಳು ಒಡೆದು ಒಳಗಿನ ಎಣ್ಣೆ ಹೊರಬಂದು ಇಡೀ ಮುದ್ದೆ ನುಣ್ಣಗೆ ಬೆಣ್ಣೆಯ ಹಾಗೆ ಹರಿಯುತ್ತದೆ. ಇಷ್ಟೇ ಇದರ ಗುಟ್ಟು. ಡಚ್ಚರು ಇದೇ ಪದಾರ್ಥವನ್ನು ಬೆಣ್ಣೆಯೆನ್ನದೆ ‘ನೆಲಗಡಲೆಯ ಗಿಣ್ಣು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ನೆಲಗಡಲೆಯ ತವರು ದಕ್ಷಿಣ ಅಮೆರಿಕ. ಹುರಿದ ನೆಲಗಡಲೆಯನ್ನು ಯಂತ್ರದಲ್ಲಿ ಅರೆದು ಮುದ್ದೆ ಮಾಡುವ ವಿಧಾನಕ್ಕೆ ಕೆನಡಾದ ಮಾರ್ಸೆಲಸ್ ಎಡ್ಸನ್ ಎಂಬಾತ 1884ರಲ್ಲಿ ಹಕ್ಕುಪತ್ರ ಪಡೆದ. ನಮ್ಮಲ್ಲಿ ಯಂತ್ರಕ್ಕೆ ಮೊದಲೇ ಒರಳಿತ್ತು. ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿಯೂ ಗುರೆಳ್ಳಿನ ಚಟ್ನಿಪುಡಿಯೂ ಈ ಬಳಗಕ್ಕೇ ಸೇರಿದವು.

ಇನ್ನು ಪುಷ್ಟಿಯ ಲೆಕ್ಕ. ನೂರು ಗ್ರಾಂ ನೆಲಗಡಲೆಯಲ್ಲಿ ಸುಮಾರು 25 ಗ್ರಾಂ ಸಸಾರಜನಕ, 49 ಗ್ರಾಂ ಜಿಡ್ಡು, 8 ಗ್ರಾಂ ನಾರು ಇವೆ. ಅದು ಕೊಡುವ ಶಕ್ತಿ 560 ಕ್ಯಾಲೊರಿಗಿಂತ ಮೇಲೆ. ಗೋಡಂಬಿಯಲ್ಲಿ ಸಸಾರಜನಕ 18 ಗ್ರಾಂ. ಮೆಗ್ನೀಸಿಯಂ ಮಾತ್ರ ನೆಲಗಡಲೆಗಿಂತ ಹೆಚ್ಚು. ಬಾದಾಮಿಯ ಹೆಗ್ಗಳಿಕೆ ‘ಇ’ ಜೀವಸತ್ವ: ನೂರು ಗ್ರಾಮಿನಲ್ಲಿ 25 ಮಿಲಿಗ್ರಾಂ. ಸಿಪ್ಪೆ ಸಹಿತವಾದ ಎಳ್ಳಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಮಿನ ಆಸುಪಾಸು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ. ಆದರೆ ಈ ಎರಡು ಅಂಕಿಗಳನ್ನು ನೋಡಿ ಹಾಲು ಬೇಡವೆಂದು ತೀರ್ಮಾನಿಸಬಾರದು. ಎಳ್ಳಿನ ಸಿಪ್ಪೆಯಲ್ಲಿರುವ ಕೆಲವು ಆಮ್ಲಗಳು ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ಸ್ವಲ್ಪ ಭಾಗ ಮಾತ್ರ ದೇಹಕ್ಕೆ ಸೇರುತ್ತದೆ. ಮೇಲಾಗಿ ಹಾಲನ್ನು ಲೋಟದಲ್ಲಿ ಕುಡಿಯುತ್ತೇವೆ, ಎಳ್ಳನ್ನು ಚಮಚದಲ್ಲಿ ತಿನ್ನುತ್ತೇವೆ. ತೆಂಗಿನಕಾಯಿಯ ಮಾತು ಬೇರೆ: ಅದರಲ್ಲಿ ಜಿಡ್ಡು ಧಾರಾಳ, ಸಸಾರಜನಕ ಮೂರು ಗ್ರಾಮಿಗಿಂತ ಅಷ್ಟೇನೂ ಹೆಚ್ಚಿಲ್ಲ. ರುಚಿಗೆ ತೆಂಗು ಸರಿ. ಪುಷ್ಟಿಯ ದೃಷ್ಟಿಯಿಂದ ಅದು ನೆಲಗಡಲೆಯ ಜಾಗದಲ್ಲಿ ನಿಲ್ಲಲಾರದು.

ನಮ್ಮ ಊಟಕ್ಕೆ ಇದು ಹೇಗೆ ಹೊಂದುತ್ತದೆ? ಕೊಡಗು ಅನ್ನವನ್ನು ನೆಚ್ಚಿದ ನಾಡು. ಒಟ್ಟಿ, ಕಡಂಬುಟ್ಟು, ಪಾಪುಟ್ಟು, ನೂಪುಟ್ಟು ಎಲ್ಲಕ್ಕೂ ಮೂಲ ಅಕ್ಕಿಯೇ. ಅಕ್ಕಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಒಂದು ಅಂಶ ಕಡಮೆ. ನೆಲಗಡಲೆಯಲ್ಲೂ ಎಳ್ಳಿನಲ್ಲೂ ಅದು ಕಡಮೆಯೇ. ಆದ್ದರಿಂದ ಅನ್ನಕ್ಕೆ ಬೀಜದ ಬೆಣ್ಣೆಯೊಂದನ್ನೇ ಜೊತೆಮಾಡಿದರೆ ಕೊರತೆ ಪೂರ್ತಿ ತುಂಬುವುದಿಲ್ಲ. ಬೇಳೆ, ಹೆಸರು, ಕಡಲೆ, ಮೊಟ್ಟೆ, ಮೊಸರು, ಮೀನು ಇವುಗಳಲ್ಲಿ ಒಂದಾದರೂ ಇರಬೇಕು. ಬೇಳೆಯಲ್ಲಿ ಕಡಮೆಯಾದ ಮತ್ತೊಂದು ಅಂಶ, ಮಿಥಿಯೊನಿನ್, ಎಳ್ಳಿನಲ್ಲಿ ಸಮೃದ್ಧವಾಗಿದೆ. ಹೀಗೆ ಅನ್ನ, ಬೇಳೆ, ಎಳ್ಳು ಮೂರೂ ಒಂದರ ಕೊರತೆಯನ್ನು ಇನ್ನೊಂದು ತೀರಿಸುತ್ತವೆ. ಪುತ್ತರಿಯ ತಂಬಿಟ್ಟನ್ನೇ ನೋಡಿ. ಹುರಿದ ಅಕ್ಕಿಯ ಹಿಟ್ಟಿಗೆ ಬಾಳೆಹಣ್ಣು ಕಲಸಿ, ಮೇಲೆ ತೆಂಗಿನತುರಿ, ಹುರಿದ ಎಳ್ಳು, ತುಪ್ಪ ಹಾಕಿ ತಿನ್ನುವ ಪದ್ಧತಿಯಲ್ಲಿ ನಾಲಗೆಯ ಜಾಣ್ಮೆಯೂ ಇದೆ, ದೇಹದ ಜಾಣ್ಮೆಯೂ ಇದೆ.

ಈ ಕೂಡಿಕೆಯ ತತ್ತ್ವವನ್ನು ನಮ್ಮ ನೆರೆಯ ಮೈಸೂರಿನಲ್ಲೇ ವಿಜ್ಞಾನಿಗಳು ಕೈಗೆತ್ತಿಕೊಂಡರು. ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ 1950ರಲ್ಲಿ ಅಲ್ಲಿನ ಚೆಲುವಾಂಬ ಭವನದಲ್ಲಿ ಪ್ರಾರಂಭವಾಯಿತು, ಡಾ॥ ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಹಾಲು, ಮೊಟ್ಟೆ ಕೊಳ್ಳಲಾಗದ ಮನೆಗಳಿಗೂ ಸಸಾರಜನಕ ಮುಟ್ಟಿಸಬೇಕೆಂಬ ಉದ್ದೇಶದಿಂದ ಅಲ್ಲಿ ‘ವಿವಿಧೋದ್ದೇಶ ಆಹಾರ’ವೊಂದನ್ನು ತಯಾರಿಸಿದರು. ಎಣ್ಣೆ ತೆಗೆದ ನೆಲಗಡಲೆಯ ಹಿಟ್ಟು ಮುಕ್ಕಾಲು ಭಾಗ, ಕಡಲೆಹಿಟ್ಟು ಕಾಲು ಭಾಗ, ಅದಕ್ಕೆ ಸುಣ್ಣದ ಅಂಶ ಮತ್ತು ಜೀವಸತ್ವಗಳು. ಬಡವರ ಬಾದಾಮಿ ಎಂದು ನೆಲಗಡಲೆಯನ್ನು ಕರೆಯುವ ಮಾತಿಗೆ ವಿಜ್ಞಾನದ ಬೆಂಬಲ ದೊರೆತದ್ದು ಹೀಗೆ. ಮುಂದೆ 1996ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂಡ್ ಮತ್ತು ಅವರ ಜೊತೆಗಾರರು ನೆಲಗಡಲೆಯ ಬೆಣ್ಣೆಗೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ, ಲವಣಗಳನ್ನು ಕಲಸಿ ತೀವ್ರವಾಗಿ ಸೊರಗಿದ ಮಕ್ಕಳಿಗಾಗಿ ಒಂದು ಆಹಾರ ರೂಪಿಸಿದರು. ಒಂದು ಪೊಟ್ಟಣದ ತೂಕ 92 ಗ್ರಾಂ, ಶಕ್ತಿ 500 ಕ್ಯಾಲೊರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಪೊಟ್ಟಣ ಹರಿದು ಮಗುವಿನ ಬಾಯಿಗೆ ಇಡಬಹುದು. ಕ್ಷಾಮ, ಯುದ್ಧಗಳ ನಾಡುಗಳಲ್ಲಿ ಅದು ಬಹಳ ಮಕ್ಕಳ ಜೀವ ಉಳಿಸಿದೆ.

ನೀರು ಬೆರೆಸಬೇಕಿಲ್ಲ ಎಂಬ ಆ ಮಾತನ್ನು ಗಮನದಲ್ಲಿಡಿ. ಬೀಜದ ಬೆಣ್ಣೆ ತಿಂಗಳುಗಟ್ಟಲೆ ಕೆಡದಿರುವುದು ಅದರಲ್ಲಿ ನೀರಿನಂಶ ಅತ್ಯಲ್ಪವಾಗಿರುವುದರಿಂದ. ಸೂಕ್ಷ್ಮಜೀವಿಗಳಿಗೆ ಬೆಳೆಯಲು ನೀರು ಬೇಕು. ಎಳ್ಳು ಪಜ್ಜಿಯಲ್ಲಿ ನೀರೂ ಹುಳಿಯೂ ಇರುವುದರಿಂದ ಅದನ್ನು ಅಂದೇ ತಿಂದು ಮುಗಿಸಬೇಕು. ನೆನೆಹಾಕಿದ ಬಾದಾಮಿಯನ್ನು ಅರೆದದ್ದೂ ಹಾಗೆಯೇ. ಒಣ ಬೆಣ್ಣೆಯ ಡಬ್ಬಕ್ಕೆ ಒದ್ದೆ ಚಮಚ ಹಾಕಿದರೆ ಅದರ ಗುಣವನ್ನು ನಾವೇ ಕೆಡಿಸಿದಂತೆ.

ಈಗ ಹಸಿಯೋ ಹುರಿದದ್ದೋ ಎಂಬ ಪ್ರಶ್ನೆ. ಹುರಿದಾಗ ನೆಲಗಡಲೆಯ ‘ಬಿ–1’ ಜೀವಸತ್ವದಲ್ಲಿ ದೊಡ್ಡ ಪಾಲು ನಾಶವಾಗುತ್ತದೆ ಎಂಬುದು ನಿಜ. ಹುರಿಯದ ಬೀಜದ ಪಕ್ಷದಲ್ಲಿ ಹೇಳಬಹುದಾದ ಗಟ್ಟಿ ಮಾತು ಇದು. ಸಸಾರಜನಕ, ಜಿಡ್ಡು, ಲವಣಗಳು ಹದವಾಗಿ ಹುರಿದರೆ ಹೆಚ್ಚು ಕಡಮೆ ಹಾಗೆಯೇ ಉಳಿಯುತ್ತವೆ. ಇನ್ನೊಂದು ಕಡೆ, ಹುರಿಯುವುದರಿಂದ ಬೀಜದ ತೇವ ಹೋಗುತ್ತದೆ, ಸಿಪ್ಪೆ ಬಿಡುತ್ತದೆ, ಪರಿಮಳ ಬರುತ್ತದೆ, ಮಣ್ಣಿನಿಂದಲೋ ಕೈಯಿಂದಲೋ ಅಂಟಿದ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಈ ಕೊನೆಯ ಮಾತು ಸಣ್ಣದಲ್ಲ. ಬೀಜದ ಬೆಣ್ಣೆಯಲ್ಲಿ ರೋಗಾಣು ಬೆಳೆಯಲಾರದು, ಆದರೆ ಸಾಯದೆ ಬಹುಕಾಲ ಸುಮ್ಮನೆ ಉಳಿದಿರಬಲ್ಲದು. ಅಮೆರಿಕದಲ್ಲಿ 2008–09ರಲ್ಲಿ ಸಾಲ್ಮೊನೆಲ್ಲ ರೋಗಾಣು ಸೇರಿದ ನೆಲಗಡಲೆಯ ಬೆಣ್ಣೆಯಿಂದ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 9 ಮಂದಿ ಸತ್ತರು. ಗೋಡಂಬಿಯ ವಿಷಯದಲ್ಲಂತೂ ‘ಹಸಿ’ ಎಂಬುದು ಬರಿಯ ಹೆಸರು. ಗೇರುಬೀಜದ ಚಿಪ್ಪಿನಲ್ಲಿ ಚರ್ಮ ಸುಡುವ ಎಣ್ಣೆಯಿರುವುದರಿಂದ ಆವಿಯಲ್ಲಿ ಬೇಯಿಸಿಯೋ ಸುಟ್ಟೋ ಚಿಪ್ಪು ಒಡೆಯುತ್ತಾರೆ. ಅಂಗಡಿಯ ಹಸಿ ಗೋಡಂಬಿಯೂ ಒಮ್ಮೆ ಬಿಸಿ ಕಂಡದ್ದೇ. ಆದ್ದರಿಂದ ಹಸಿಯಾಗಿ ತಿನ್ನುವ ಆಸೆಯಿದ್ದವರು ಎಳ್ಳನ್ನೋ ಬಾದಾಮಿಯನ್ನೋ ಸ್ವಲ್ಪವೇ ಅರೆದು ಆಗಲೇ ತಿನ್ನಲಿ. ಮಕ್ಕಳಿಗೂ ಬಸುರಿಯರಿಗೂ ವಯಸ್ಸಾದವರಿಗೂ ಹುರಿದದ್ದೇ ಮೇಲು.

ಆದರೆ ಹುರಿದರೂ ಹೋಗದ ಒಂದು ಅಪಾಯವುಂಟು. ಕೊಡಗಿನವರು ಮುಖ್ಯವಾಗಿ ತಿಳಿಯಬೇಕಾದದ್ದು ಅದನ್ನೇ.

ಇಂಗ್ಲೆಂಡಿನಲ್ಲಿ 1960ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುಹೋದವು. ಕಾರಣ ಹುಡುಕಿದಾಗ ಅವುಗಳ ಮೇವಿನಲ್ಲಿದ್ದ ನೆಲಗಡಲೆಯ ಹಿಂಡಿಯಲ್ಲಿ ಒಂದು ವಿಷ ಸಿಕ್ಕಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ತೇವವಿರುವ ಬೀಜದ ಮೇಲೆ ಬೆಳೆದು ಉತ್ಪತ್ತಿ ಮಾಡುವ ಈ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಅದು ಯಕೃತ್ತನ್ನು ಕೆಡಿಸುತ್ತದೆ. ದೀರ್ಘಕಾಲ ಹೊಟ್ಟೆಗೆ ಹೋದರೆ ಯಕೃತ್ತಿನ ಅರ್ಬುದಕ್ಕೂ ದಾರಿಯಾಗುತ್ತದೆ. ಮನುಷ್ಯರಿಗೂ ಇದು ತಟ್ಟದೆ ಬಿಡಲಿಲ್ಲ. ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ 1974ರಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮೊದಲು, 1971ರಲ್ಲಿ, ಮೈಸೂರಿನ ವೈದ್ಯರೂ ಆಹಾರ ವಿಜ್ಞಾನಿಗಳೂ ಕೂಡಿ ಒಂದು ದುಃಖದ ವರದಿಯನ್ನು ಪ್ರಕಟಿಸಿದ್ದರು. ಸಸಾರಜನಕವಿಲ್ಲದೆ ಸೊರಗಿದ್ದ ಮಕ್ಕಳಿಗೆ ಪುಷ್ಟಿಗೆಂದು ನೆಲಗಡಲೆಯ ಹಿಟ್ಟನ್ನು ಕೊಟ್ಟಿದ್ದರು. ಆ ಹಿಟ್ಟಿನಲ್ಲಿ ಈ ವಿಷವಿತ್ತೆಂದು ತಿಳಿದದ್ದು ಅನಂತರ. ಮಕ್ಕಳ ಯಕೃತ್ತಿಗೆ ಕೇಡಾಗಿತ್ತು. ಯಾವ ಆಹಾರದಿಂದ ಮಗು ಚೇತರಿಸಿಕೊಳ್ಳಬೇಕಾಗಿತ್ತೋ ಅದೇ ಆಹಾರ ಅದಕ್ಕೆ ಪೆಟ್ಟು ಕೊಟ್ಟಿತು. ದೋಷ ನೆಲಗಡಲೆಯದಲ್ಲ, ತೇವದ್ದು.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಗೋಡೆ ಬೆವರುವ, ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುವ, ಉಪ್ಪು ನೀರಾಗುವ ತಿಂಗಳುಗಳು ನಮ್ಮವು. ಚಿತ್ರದುರ್ಗ, ಪಾವಗಡ, ಚಳ್ಳಕೆರೆಯ ಕಡೆಯ ಒಣಸೀಮೆಯಲ್ಲಿ ಬೆಳೆದ ನೆಲಗಡಲೆ ಒಳ್ಳೆಯದೇ ಆಗಿದ್ದರೂ ಇಲ್ಲಿಗೆ ಬಂದು ಗೋಣಿಚೀಲದಲ್ಲಿ ಎರಡು ತಿಂಗಳು ಕುಳಿತರೆ ಗಾಳಿಯ ತೇವವನ್ನು ಹೀರುತ್ತದೆ. ಸುಲಿದ ಕಾಳಿನಲ್ಲಿ ತೇವ ನೂರಕ್ಕೆ ಏಳು ಭಾಗ ಮೀರದಿದ್ದರೆ ಬೂಷ್ಟಿನ ಭಯವಿಲ್ಲ. ಮೀರಿದರೆ ಅದು ಕಾದೇ ಇರುತ್ತದೆ. ಕಣದಲ್ಲಿ ಕಾಫಿಯನ್ನೂ ಕರಿಮೆಣಸನ್ನೂ ಒಣಗಿಸಿ ಬಲ್ಲ ಕೊಡಗಿನ ಬೆಳೆಗಾರರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಮಾರುವ ಬೆಳೆಗೆ ತೋರುವ ಎಚ್ಚರವನ್ನು ಅಡುಗೆಮನೆಯ ಡಬ್ಬಕ್ಕೂ ತೋರಿದರೆ ಸಾಕು.

ಈ ವಿಷದ ಸ್ವಭಾವದಲ್ಲಿ ನಮಗೆ ಅನುಕೂಲವಾದ ಒಂದು ಅಂಶವಿದೆ. ಒಂದು ಸೇರು ನೆಲಗಡಲೆಯಲ್ಲಿ ವಿಷ ಸಮವಾಗಿ ಹರಡಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಗುಂಪುಗೂಡಿರುತ್ತದೆ. ಆ ಕಾಳುಗಳು ಬಹುಮಟ್ಟಿಗೆ ಸುಕ್ಕುಗಟ್ಟಿದವು, ಬಣ್ಣಗೆಟ್ಟವು, ಹುಳು ಕೊರೆದವು, ಮುಗ್ಗಿದವು. ಆದ್ದರಿಂದ ಮೊರದಲ್ಲಿ ಹಾಕಿ ಕೇರಿ, ಬೆಳಕಿನಲ್ಲಿ ಆರಿಸಿ ತೆಗೆದರೆ ಅಪಾಯದ ದೊಡ್ಡ ಭಾಗ ಅಲ್ಲಿಗೇ ಕಳೆಯುತ್ತದೆ. ನಮ್ಮ ಹಿರಿಯ ಹೆಂಗಸರು ಮೊರ ಹಿಡಿದು ಮಾಡುತ್ತಿದ್ದ ಈ ಕೆಲಸಕ್ಕೆ ಇಂದಿನ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ಆರಿಸುವ ಯಂತ್ರಗಳಿವೆ, ತತ್ತ್ವ ಒಂದೇ. ಆದರೆ ಕಾಳು ಕಾಳಾಗಿರುವವರೆಗೆ ಮಾತ್ರ ಇದು ಸಾಧ್ಯ. ಅರೆದು ಬೆಣ್ಣೆಯಾದ ಮೇಲೆ ಕೆಟ್ಟ ಕಾಳು ಕಣ್ಣಿಗೆ ಕಾಣದು, ಅದರ ರುಚಿಯನ್ನು ಸಕ್ಕರೆ, ಉಪ್ಪು ಮುಚ್ಚಿಬಿಡುತ್ತವೆ. ಮನೆಯಲ್ಲಿ ಅರೆದುಕೊಳ್ಳುವುದರ ನಿಜವಾದ ಲಾಭ ಇದೇ.

‘ಸಾವಯವ’ ಎಂಬ ಮುದ್ರೆಯ ಅರ್ಥವನ್ನೂ ಇಲ್ಲಿಯೇ ತಿಳಿದುಕೊಳ್ಳೋಣ. ಗೊಬ್ಬರ, ಕೀಟನಾಶಕಗಳ ವಿಷಯದಲ್ಲಿ ಬೆಳೆಗಾರ ಯಾವ ನಿಯಮ ಪಾಲಿಸಿದ ಎಂಬುದಕ್ಕೆ ಅದು ಸಾಕ್ಷಿ. ನೆಲಕ್ಕೂ ನೀರಿಗೂ ಬೆಳೆಗಾರನ ಆರೋಗ್ಯಕ್ಕೂ ಅದರಿಂದ ಉಪಕಾರವಿದೆ. ಆದರೆ ಕೊಯ್ಲಿನ ಮೇಲೆ ಬೀಜ ಒಣಗಿತೋ ಇಲ್ಲವೋ, ಉಗ್ರಾಣದಲ್ಲಿ ತೇವ ತಾಗಿತೋ ಇಲ್ಲವೋ ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಬೂಷ್ಟಿಗೆ ಸಾವಯವ, ನಿರವಯವ ಎಂಬ ಭೇದ ತಿಳಿಯದು.

ಮನೆಯಲ್ಲಿ ಮಾಡುವ ಕ್ರಮ ಸುಲಭ. ಮಳೆಗಾಲದಲ್ಲಿ ಒಮ್ಮೆಗೆ ಅರ್ಧ ಕಿಲೋ ನೆಲಗಡಲೆಗಿಂತ ಹೆಚ್ಚು ತರಬೇಡಿ. ತಂದ ದಿನವೇ ಹರಡಿ ಆರಿಸಿ. ಮುಗ್ಗಲು ವಾಸನೆಯಿದ್ದರೆ ಅಷ್ಟನ್ನೂ ಎಸೆಯಿರಿ. ಹಸುವಿಗೆ, ಕೋಳಿಗೆ ಹಾಕುವುದು ಬೇಡ: ಕೋಳಿ, ಬಾತುಗಳಿಗೆ ಅದು ವಿಷವೇ, ಹಸುವಿನ ಹೊಟ್ಟೆಗೆ ಹೋದದ್ದರಲ್ಲಿ ಸ್ವಲ್ಪ ಹಾಲಿಗೂ ಇಳಿಯುತ್ತದೆ. ಆರಿಸಿದ ಕಾಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಸಿಪ್ಪೆ ಬಿರಿದು ಒಳಗಿನ ಕಾಳು ತಿಳಿಹೊಂಬಣ್ಣಕ್ಕೆ ಬಂದಾಗ ಇಳಿಸಿ, ಕಪ್ಪಾದರೆ ಕಹಿ. ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಹಾರಿಸಿ, ನೀರಿನ ಪಸೆಯಿಲ್ಲದ ಮಿಕ್ಸಿಯಲ್ಲಿ ನಡುನಡುವೆ ನಿಲ್ಲಿಸುತ್ತ ಅರೆಯಿರಿ. ಪುಡಿಯ ಹಂತದಲ್ಲಿ ಇದು ಆಗುವುದಿಲ್ಲವೆಂದು ಕೈಬಿಡುವವರೇ ಹೆಚ್ಚು. ಇನ್ನು ಕೆಲವು ನಿಮಿಷ ತಾಳಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ. ಚಿಟಿಕೆ ಉಪ್ಪು ಸಾಕು. ಒಣಗಿದ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ತಣ್ಣನೆಯ ಕತ್ತಲೆಯ ಜಾಗದಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಿ. ಮೇಲೆ ಎಣ್ಣೆ ತೇಲಿದರೆ ಕೆಟ್ಟಿತೆಂದು ತಿಳಿಯಬೇಡಿ, ಕಲಸಿದರೆ ಸರಿಹೋಗುತ್ತದೆ. ಕಮಟು ವಾಸನೆ ಬಂದರೆ ಮಾತ್ರ ತಿನ್ನಬೇಡಿ. ಎಳ್ಳನ್ನೂ ಇದೇ ರೀತಿ ಬೆಣ್ಣೆ ಮಾಡಬಹುದು. ಎಳ್ಳಿನ ಎಣ್ಣೆಗೆ ಬೇಗನೆ ಕಮಟು ಹಿಡಿಯದ ಸಹಜ ಗುಣವಿದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಡಬ್ಬದ ಮೇಲಿನ ಸಣ್ಣಕ್ಷರ ಓದಿ: ನೆಲಗಡಲೆ, ಉಪ್ಪು ಇಷ್ಟೇ ಇದ್ದರೆ ಉತ್ತಮ, ಸಕ್ಕರೆಯೂ ಗಟ್ಟಿಮಾಡಿದ ಎಣ್ಣೆಯೂ ಮುಂದಿನ ಸಾಲಿನಲ್ಲಿದ್ದರೆ ಕೊಳ್ಳುವ ಮೊದಲು ಯೋಚಿಸಿ.

ಉಪಯೋಗ ಹಲವು ಬಗೆ. ಒಟ್ಟಿಗೂ ದೋಸೆಗೂ ಸವರಿ ತಿನ್ನಬಹುದು. ಬದನೆ, ಹೀರೆಕಾಯಿಯ ಗೊಜ್ಜಿಗೆ ಒಂದು ಚಮಚ ಕದಡಿದರೆ ಸಾರ ಬರುತ್ತದೆ. ಕೊಡಗಿನ ಜೇನು ಕೂಡಿಸಿ ಬಾಳೆಹಣ್ಣಿನೊಡನೆ ಕೊಟ್ಟರೆ ಶಾಲೆಯಿಂದ ಬಂದ ಮಕ್ಕಳು ಬೇಡವೆನ್ನಲಾರರು. ಅಳತೆ ಮಾತ್ರ ಮರೆಯಬಾರದು. ದೊಡ್ಡ ಚಮಚದಷ್ಟರಲ್ಲಿ ಸುಮಾರು 95 ಕ್ಯಾಲೊರಿ, 4 ಗ್ರಾಂ ಸಸಾರಜನಕ, 8 ಗ್ರಾಂ ಜಿಡ್ಡು ಇದೆ. ತೋಟದಲ್ಲಿ ದಿನವಿಡೀ ದುಡಿಯುವವರಿಗೆ ಎರಡು ಚಮಚ ಹೆಚ್ಚಲ್ಲ. ಕುಳಿತು ಕೆಲಸ ಮಾಡುವವರು ಅದನ್ನು ತುಪ್ಪದ ಅಥವಾ ಕರಿದ ತಿಂಡಿಯ ಬದಲಿಗೆ ತಿನ್ನಬೇಕೇ ಹೊರತು ಅದರ ಮೇಲೆ ಅಲ್ಲ.

ಕೊನೆಯದಾಗಿ ಎಳೆಯ ಮಕ್ಕಳ ಮಾತು. ಲೈನುಮನೆಯ ತಾಯಿ ಬೆಳಗಾಗುತ್ತಲೇ ತೋಟಕ್ಕೆ ಹೊರಡುತ್ತಾಳೆ. ಮನೆಯಲ್ಲಿ ಮಗುವಿಗೆ ಉಳಿಯುವುದು ತೆಳು ಗಂಜಿ. ಮಗುವಿನ ಹೊಟ್ಟೆ ಚಿಕ್ಕದು. ಗಂಜಿಯಿಂದ ಅದು ತುಂಬುತ್ತದೆ, ಮೈ ತುಂಬುವುದಿಲ್ಲ. ಆರು ತಿಂಗಳು ದಾಟಿದ ಮಗುವಿನ ಗಂಜಿಗೆ ಒಂದು ಸಣ್ಣ ಚಮಚ ಹುರಿದ ನೆಲಗಡಲೆಯ ಬೆಣ್ಣೆಯನ್ನು ಚೆನ್ನಾಗಿ ಕದಡಿದರೆ ಗಂಜಿಯ ಸತ್ವ ಬೇರೆಯೇ ಆಗುತ್ತದೆ. ಜೊತೆಗೆ ಬೇಳೆಯ ಕಟ್ಟು ಇದ್ದರೆ ಇನ್ನೂ ಮೇಲು. ಒಂದು ವರ್ಷ ತುಂಬುವವರೆಗೆ ಜೇನು ಸೇರಿಸಬಾರದು. ಇಡೀ ಕಾಳನ್ನು ಐದು ವರ್ಷದ ಒಳಗಿನ ಮಕ್ಕಳ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಗಟ್ಟಿ ಬೆಣ್ಣೆಯನ್ನು ಹಾಗೆಯೇ ಬಾಯಿಗಿಡುವುದೂ ಬೇಡ. ಕೆಲವರ ಮೈಗೆ ನೆಲಗಡಲೆ ಒಗ್ಗುವುದಿಲ್ಲ. ಆದ್ದರಿಂದ ಮೊದಲ ದಿನ ಬೆರಳ ತುದಿಯಷ್ಟು ಮಾತ್ರ ಕೊಟ್ಟು ನೋಡಿ. ತುಟಿ ಊದಿದರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹಾಗೆಂದು ಹೆದರಿ ಮುಂದೂಡುತ್ತ ಹೋಗುವುದೂ ಸರಿಯಲ್ಲ. ಲಂಡನ್ನಿನಲ್ಲಿ 640 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಳವೆಯಲ್ಲೇ ನೆಲಗಡಲೆ ತಿಂದವರಲ್ಲಿ ಈ ಒಗ್ಗದಿರುವಿಕೆ ಬಹಳ ಕಡಮೆಯೆಂದು ಕಂಡುಬಂತು. ತೀವ್ರವಾದ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿಕೊಳ್ಳಿ.

ಡಬ್ಬದ ಮೇಲೆ ಏನೇ ಬರೆದಿರಲಿ, ಬೀಜದ ಬೆಣ್ಣೆಯ ಒಳ್ಳೆಯತನ ನಿರ್ಧಾರವಾಗುವುದು ಅರೆಯುವ ಮೊದಲು. ಬೀಜ ಒಣಗಿರಬೇಕು, ಗಟ್ಟಿಯಾಗಿರಬೇಕು, ಕೆಟ್ಟ ಕಾಳು ಮೊರದಿಂದಲೇ ಹೊರಗೆ ಹೋಗಿರಬೇಕು. ಮುಂದಿನ ಸಲ ಅಂಗಡಿಯಿಂದ ನೆಲಗಡಲೆ ತಂದಾಗ ಬಾಣಲೆಗೆ ಸುರಿಯುವ ಮುಂಚೆ ಒಮ್ಮೆ ಕಿಟಕಿಯ ಬಳಿ ಕುಳಿತು ಆರಿಸಿ ನೋಡಿ. ಹತ್ತು ನಿಮಿಷದ ಕೆಲಸ. ಮನೆಯ ಮಕ್ಕಳ ಪಾಲಿಗೆ ಅದಕ್ಕಿಂತ ಬೆಲೆಬಾಳುವ ಹತ್ತು ನಿಮಿಷ ಆ ದಿನದಲ್ಲಿ ಇನ್ನೊಂದಿರಲಾರದು.